ಗೇಟ್ ಪರೀಕ್ಷೆ: ಬಿಡಿಸಿ ಬರೆಯುವುದರಿಂದ ಅಂಕಿ ಒತ್ತುವವರೆಗೆ

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪ್ರಶ್ನೆಪತ್ರಿಕೆಗೆ ಒಗ್ಗಿದ ವಿದ್ಯಾರ್ಥಿಗೆ ಒಂದು ಧೈರ್ಯ ಇರುತ್ತದೆ. ಐದು ಮಾಡ್ಯೂಲ್, ಪ್ರತಿಯೊಂದರಲ್ಲೂ 20 ಅಂಕದ ಎರಡೆರಡು ಪ್ರಶ್ನೆ, ಯಾವುದಾದರೂ ಒಂದನ್ನು ಬರೆದರಾಯಿತು. ಕೊಟ್ಟಿದ್ದನ್ನು ಪಟ್ಟಿ ಮಾಡಿ, ಚಿತ್ರ ಬಿಡಿಸಿ, ಸೂತ್ರ ಬರೆದು, ಬೆಲೆಗಳನ್ನು ಹಾಕಿದರೆ ಕೊನೆಯ ಉತ್ತರ ತಪ್ಪಿದರೂ ಮುಕ್ಕಾಲು ಪಾಲು ಅಂಕ ಸಿಗುತ್ತದೆ. ಇದಕ್ಕೆ ‘ಸ್ಟೆಪ್ ಮಾರ್ಕ್ಸ್’ ಎನ್ನುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನಾಲ್ಕು ವರ್ಷ ಕೈ ಪಳಗುವುದು ಈ ಬಗೆಯ ಬರವಣಿಗೆಗೇ. ಅದೇ ಕೈ ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಗೆ ಕುಳಿತಾಗ ಸ್ಟೆಪ್ ನೋಡುವವರು ಯಾರೂ ಇರುವುದಿಲ್ಲ. 65 ಪ್ರಶ್ನೆ, 100 ಅಂಕ, ಮೂರು ತಾಸು. ರಫ್ ಕೆಲಸದ ಹಾಳೆಯನ್ನು ಯಾರೂ ಓದುವುದಿಲ್ಲ.

ಗೇಟ್ ಮೊದಲಿನಿಂದ ಹೀಗಿರಲಿಲ್ಲ. ಐಐಎಸ್‌ಸಿ ಮತ್ತು ಐಐಟಿಗಳು ಸೇರಿ ನಡೆಸುವ ಈ ಪರೀಕ್ಷೆ 1980ರ ದಶಕದ ಮೊದಲ ಅರ್ಧದಲ್ಲಿ ಶುರುವಾಯಿತು. ಆಗ ಪತ್ರಿಕೆಯ ಒಂದು ಭಾಗ ವಸ್ತುನಿಷ್ಠ, ಇನ್ನೊಂದು ಭಾಗ ಲೆಕ್ಕ ಬಿಡಿಸಿ ಬರೆಯುವಂಥದ್ದು. ಕಂಪ್ಯೂಟರ್ ಸೈನ್ಸ್‌ನ ಆ ಕಾಲದ ಪತ್ರಿಕೆಗಳನ್ನು ತೆಗೆದು ನೋಡಿದರೆ ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆಗಳಿವೆ, ಹೊಂದಿಸಿ ಬರೆಯುವ ಪ್ರಶ್ನೆಗಳಿವೆ, ‘ಒಂದಕ್ಕಿಂತ ಹೆಚ್ಚು ಆಯ್ಕೆ ಸರಿ ಇರಬಹುದು’ ಎಂಬ ಸೂಚನೆಯ ಪ್ರಶ್ನೆಗಳೂ ಇವೆ. ಈ ಕೊನೆಯದನ್ನು ನೆನಪಿಡಬೇಕು. 2021ರಲ್ಲಿ ‘ಹೊಸದು’ ಎಂದು ಗದ್ದಲವಾದ ಬಗೆ ಅಲ್ಲಿ ಆಗಲೇ ಇತ್ತು.

ದೊಡ್ಡ ತಿರುವು 2003ರದು. ಬರೆಯುವ ಭಾಗ ಪೂರ್ತಿ ಹೋಯಿತು. 90 ಪ್ರಶ್ನೆ, 150 ಅಂಕ: 30 ಪ್ರಶ್ನೆಗೆ ಒಂದೊಂದು, 60 ಪ್ರಶ್ನೆಗೆ ಎರಡೆರಡು. ಎಲ್ಲಕ್ಕೂ ನಾಲ್ಕು ಆಯ್ಕೆ, ಒಂದು ಸರಿ. ದೇಶದ ತುಂಬ ಕುಳಿತವರ ಉತ್ತರ ಪತ್ರಿಕೆಗಳನ್ನು ವಾರಗಳಲ್ಲಿ ತಿದ್ದಬೇಕಾದಾಗ ಯಂತ್ರ ಓದುವ ಹಾಳೆಗೆ ಹೋಗುವುದು ಸಹಜವೇ. ಆದರೆ ಅಲ್ಲಿಂದಾಚೆಗೆ ಪರೀಕ್ಷೆಯೊಳಗೆ ಬೇರೆಯದೇ ಕಸುಬು ಹುಟ್ಟಿಕೊಂಡಿತು. ಲೆಕ್ಕ ಬಿಡಿಸದೆ ಆಯ್ಕೆಗಳನ್ನು ಹಿಂದಿನಿಂದ ಹಾಕಿ ನೋಡುವುದು, ಏಕಮಾನ ಹೊಂದದ್ದನ್ನು ಹೊಡೆದುಹಾಕುವುದು, ತುದಿ ಬೆಲೆ ಕೊಟ್ಟು ಪರೀಕ್ಷಿಸುವುದು. ಇವನ್ನೆಲ್ಲ ಕೋಚಿಂಗ್ ತರಗತಿಗಳು ಪಾಠದಷ್ಟೇ ಶ್ರದ್ಧೆಯಿಂದ ಕಲಿಸಿದವು. ಅದರಲ್ಲಿ ತಪ್ಪೇನಿಲ್ಲ. ಪ್ರಶ್ನೆಯ ಬಗೆಯೇ ಬಾಗಿಲು ತೆರೆದಿಟ್ಟಾಗ ಒಳಗೆ ಹೋಗುವವರನ್ನು ದೂರುವುದು ಹೇಗೆ?

ಇದೇ ಕಾಲದ ಒಂದು ವಿಚಿತ್ರ ಸಂತಾನ ‘ಲಿಂಕ್ಡ್ ಆನ್ಸರ್’ ಪ್ರಶ್ನೆ. ಎರಡು ಪ್ರಶ್ನೆಗಳ ಜೋಡಿ. ಮೊದಲನೆಯದರ ಉತ್ತರ ಗೊತ್ತಿದ್ದರೆ ಮಾತ್ರ ಎರಡನೆಯದು ಬಿಡಿಸಲು ಬರುತ್ತದೆ. ಮೊದಲನೆಯದು ತಪ್ಪಾಗಿದ್ದರೆ, ಇಲ್ಲವೇ ಖಾಲಿ ಬಿಟ್ಟಿದ್ದರೆ, ಎರಡನೆಯದನ್ನು ಯಂತ್ರ ಎಣಿಸುತ್ತಲೇ ಇರಲಿಲ್ಲ. ಸ್ಟೆಪ್ ಮಾರ್ಕ್ಸ್‌ನ ನೆರಳನ್ನು ವಸ್ತುನಿಷ್ಠ ಪತ್ರಿಕೆಗೆ ತರುವ ಪ್ರಯತ್ನದಂತೆ ಇದು ಕಾಣುತ್ತದೆ. ಆಗಿದ್ದು ಮಾತ್ರ ಉಲ್ಟಾ: ಒಂದೇ ತಪ್ಪಿಗೆ ಎರಡು ಏಟು. ಎರಡನೆಯದಕ್ಕೆ ನೆಗೆಟಿವ್ ಮಾರ್ಕ್ಸ್ ಇರಲಿಲ್ಲ ಎಂಬುದಷ್ಟೇ ಸಮಾಧಾನ.

ಪತ್ರಿಕೆ ಕುಗ್ಗುತ್ತಲೂ ಬಂತು. 2006ರಲ್ಲಿ 85 ಪ್ರಶ್ನೆ, 2009ರಲ್ಲಿ 60 ಪ್ರಶ್ನೆಗೆ 100 ಅಂಕ, 2010ರಲ್ಲಿ 65. ಆ ವರ್ಷವೇ ಎಲ್ಲ ಪತ್ರಿಕೆಗಳಿಗೂ 15 ಅಂಕದ ಸಾಮಾನ್ಯ ಯೋಗ್ಯತೆಯ ಹತ್ತು ಪ್ರಶ್ನೆ ಸೇರಿದವು.

ಅದೇ ವರ್ಷಗಳಲ್ಲಿ ಒಂದೊಂದೇ ಪತ್ರಿಕೆ ಓಎಮ್‌ಆರ್ ಹಾಳೆ ಬಿಟ್ಟು ಕಂಪ್ಯೂಟರ್‌ಗೆ ಹೋಯಿತು. 2014ರ ಹೊತ್ತಿಗೆ ಎಲ್ಲವೂ ಹೋದವು. ಲಿಂಕ್ಡ್ ಆನ್ಸರ್ ಜೋಡಿಗಳು ಮರೆಯಾದವು. ಅವುಗಳ ಜಾಗಕ್ಕೆ ಬಂದದ್ದು ನ್ಯಾಟ್, ಅಂದರೆ ಸಂಖ್ಯೆಯನ್ನೇ ಉತ್ತರವಾಗಿ ಕೊಡುವ ಪ್ರಶ್ನೆ. ಆಯ್ಕೆಗಳಿಲ್ಲ; ಪರದೆಯ ಮೇಲೆ ಒಂದು ಖಾಲಿ ಡಬ್ಬಿ ಮತ್ತು ಅಂಕಿಗಳ ಕೀಪ್ಯಾಡ್, ಮೌಸ್‌ನಿಂದ ಒತ್ತಬೇಕು. ಕಾಗದದ ಮೇಲೆ ಕಷ್ಟವಾಗಿದ್ದುದು ಕಂಪ್ಯೂಟರ್‌ನಲ್ಲಿ ಸುಲಭವಾಯಿತು ಎಂಬುದೇ ಈ ಬಗೆ ಬೇರೂರಲು ಕಾರಣ.

ನ್ಯಾಟ್ ಏನನ್ನು ಬದಲಿಸಿತು ಎಂಬುದನ್ನು ಗೋಕಾಕ ಫಾಲ್ಸ್ ನೆನೆದು ಒಂದು ಲೆಕ್ಕ ಕಟ್ಟಿ ನೋಡೋಣ. ಬೀಳುವ ಎತ್ತರ 52 ಮೀಟರ್, ಹರಿವು ಸೆಕೆಂಡಿಗೆ 10 ಘನ ಮೀಟರ್ ಎಂದುಕೊಳ್ಳಿ, ಟರ್ಬೈನ್ ದಕ್ಷತೆ 0.8, ಗುರುತ್ವದ ವೇಗೋತ್ಕರ್ಷ ಜಿ ಬೆಲೆ 9.81. ಸಿಗುವ ವಿದ್ಯುತ್ ಎಷ್ಟು ಮೆಗಾವ್ಯಾಟ್? ನಾಲ್ಕು ಆಯ್ಕೆಯ ಪ್ರಶ್ನೆಯಾದರೆ ಪತ್ರಿಕೆ ತೆಗೆಯುವವರು ಹೀಗೆ ಇಡುತ್ತಾರೆ: 3.26, 4.08, 5.10, 6.38. ಸರಿ ಉತ್ತರ 4.08. ಉಳಿದ ಮೂರೂ ಸುಮ್ಮನೆ ಇಟ್ಟವಲ್ಲ. ದಕ್ಷತೆಯನ್ನು ಎರಡು ಸಲ ಗುಣಿಸಿದರೆ 3.26, ಮರೆತರೆ 5.10, ಗುಣಿಸುವ ಬದಲು ಭಾಗಿಸಿದರೆ 6.38. ತಪ್ಪು ಮಾಡಿದವನಿಗೆ ಅವನ ತಪ್ಪು ಅಲ್ಲೇ ಕಾದು ಕುಳಿತಿರುತ್ತದೆ, ಅದನ್ನು ನೋಡಿ ‘ಸರಿ ಬಂತು’ ಎಂದು ಒತ್ತಿ ನೆಗೆಟಿವ್ ತೆಗೆದುಕೊಳ್ಳುತ್ತಾನೆ. ಇನ್ನೊಬ್ಬಳು ಜಿ ಬೆಲೆಯನ್ನು ಹತ್ತು ಎಂದು ಹಿಡಿದು 4.16 ತರುತ್ತಾಳೆ. ಆಯ್ಕೆಗಳಲ್ಲಿ ಹತ್ತಿರದ್ದು 4.08, ಒತ್ತುತ್ತಾಳೆ, ಪೂರ್ತಿ ಅಂಕ.

ಇದನ್ನೇ ನ್ಯಾಟ್ ಮಾಡಿ. ಒಪ್ಪುವ ವ್ಯಾಪ್ತಿ 4.06ರಿಂದ 4.10 ಎಂದಿಟ್ಟುಕೊಳ್ಳಿ. ಜಿ ಹತ್ತು ಎಂದು ಹಿಡಿದವಳಿಗೆ ಸೊನ್ನೆ. ಭಾಗಿಸಿದವನಿಗೂ ಸೊನ್ನೆ, ಆದರೆ ಕಳೆಯುವುದಿಲ್ಲ, ಏಕೆಂದರೆ ನ್ಯಾಟ್‌ಗೆ ನೆಗೆಟಿವ್ ಇಲ್ಲ. ಅಂದರೆ ತಿಳಿವಳಿಕೆಯ ತಪ್ಪಿಗಿದ್ದ ದಂಡ ಇಳಿಯಿತು, ಅಂದಾಜಿನ ಸಡಿಲಿಕೆಗಿಲ್ಲದ ದಂಡ ಹೊಸದಾಗಿ ಬಿತ್ತು. ಗೇಟ್‌ನ ಪ್ರತಿ ಬದಲಾವಣೆಯನ್ನೂ ನೋಡಬೇಕಾದದ್ದು ಹೀಗೆ. ಪಠ್ಯಕ್ರಮ ಬಹುಪಾಲು ಅದೇ ಇರುತ್ತದೆ. ಯಾವ ತಪ್ಪಿಗೆ ಎಷ್ಟು ಬೆಲೆ ಎಂಬ ದರಪಟ್ಟಿ ಬದಲಾಗುತ್ತದೆ.

ಸ್ಟೆಪ್ ಮಾರ್ಕ್ಸ್‌ನಲ್ಲಿ ಬೆಳೆದವರು ನ್ಯಾಟ್‌ನಲ್ಲಿ ಎಡವುವ ಜಾಗಗಳು ಹೆಚ್ಚಿಲ್ಲ, ಆದರೆ ಮತ್ತೆ ಮತ್ತೆ ಅವೇ. ನಡುವೆಯೇ ದಶಮಾಂಶ ಕತ್ತರಿಸುವುದು ಮೊದಲನೆಯದು. ಮೂರನೇ ಒಂದನ್ನು 0.33 ಎಂದು ಬರೆದುಕೊಂಡು 300ರಿಂದ ಗುಣಿಸಿದರೆ 99, ಇರಬೇಕಾದದ್ದು 100. ಉತ್ತರ ಪತ್ರಿಕೆ ತಿದ್ದುವ ಮೇಷ್ಟ್ರು ಇದನ್ನು ಕ್ಷಮಿಸುತ್ತಾರೆ, ಯಂತ್ರ ಕ್ಷಮಿಸುವುದಿಲ್ಲ. ನಡುವಿನ ಹಂತಗಳಲ್ಲಿ ಕಡೇಪಕ್ಷ ನಾಲ್ಕೈದು ದಶಮಾಂಶ ಇಟ್ಟುಕೊಂಡು ಕೊನೆಗೆ ಒಮ್ಮೆ ಮಾತ್ರ ರೌಂಡ್ ಮಾಡಬೇಕು. ಎರಡನೆಯದು ಏಕಮಾನ: ಕಿಲೋವ್ಯಾಟ್‌ನಲ್ಲಿ ಕೇಳಿದ್ದಕ್ಕೆ ಮೆಗಾವ್ಯಾಟ್ ಒತ್ತುವುದು. ಡಬ್ಬಿಯಲ್ಲಿ ಏಕಮಾನ ಬರೆಯಲು ಜಾಗವಿಲ್ಲ, ಹಾಗಾಗಿ 4080 ಕೇಳಿದಲ್ಲಿ 4.08 ಬರೆದರೆ ನಿಮ್ಮ ಮನಸ್ಸಿನಲ್ಲಿ ಏನಿತ್ತೆಂದು ಯಾರಿಗೂ ತಿಳಿಯದು. ಮೂರನೆಯದು ಋಣ ಚಿಹ್ನೆ. ಬಾಗುಬಲದ (ಬೆಂಡಿಂಗ್ ಮೊಮೆಂಟ್) ಲೆಕ್ಕದಲ್ಲಿ ಚಿಹ್ನೆ ಬಿಟ್ಟು ಬೆಲೆ ಮಾತ್ರ ಬರೆಯುವ ರೂಢಿ ನಮ್ಮಲ್ಲಿದೆ. ಪ್ರಶ್ನೆ ಬರೀ ಪರಿಮಾಣವನ್ನು ಕೇಳಿದೆಯೇ ಎಂದು ಓದಿಯೇ ಒತ್ತಬೇಕು.

ಇದಕ್ಕೆ 2016ರಲ್ಲಿ ಇನ್ನೊಂದು ತೊಡಕು ಸೇರಿತು. ಅಲ್ಲಿಯವರೆಗೆ ಸ್ವಂತ ಕ್ಯಾಲ್ಕ್ಯುಲೇಟರ್ ಒಯ್ಯಬಹುದಿತ್ತು. ಆ ವರ್ಷ ಐಐಎಸ್‌ಸಿ ನಡೆಸಿದ ಪರೀಕ್ಷೆಯಿಂದ ಪರದೆಯ ಮೇಲಿನ ವರ್ಚುವಲ್ ಕ್ಯಾಲ್ಕ್ಯುಲೇಟರ್ ಒಂದೇ ಗತಿ. ಕೈಯಲ್ಲಿ ಹಿಡಿಯುವ ಯಂತ್ರದಲ್ಲಿ ಮೊದಲು ಸೈನ್ ಒತ್ತಿ ಆಮೇಲೆ 30 ಒತ್ತುತ್ತೇವೆ. ಇದರಲ್ಲಿ ಮೊದಲು 30, ಆಮೇಲೆ ಸೈನ್. ವರ್ಗಮೂಲಕ್ಕೂ ಹಾಗೆಯೇ. ಮೇಲೆ ಡಿಗ್ರಿ, ರೇಡಿಯನ್ ಎಂಬ ಎರಡು ಗುಂಡಿ ಇರುತ್ತವೆ. ರೇಡಿಯನ್‌ನಲ್ಲಿ ಸೈನ್ 30 ಎಂದರೆ 0.5 ಅಲ್ಲ, ಋಣ 0.988. ಉದ್ದದ ಸಮೀಕರಣವನ್ನು ಒಂದೇ ಉಸಿರಿನಲ್ಲಿ ಹಾಕುವ ಬದಲು ತುಂಡು ತುಂಡಾಗಿ ಮಾಡಿ, ಪ್ರತಿ ಹೊಸ ಲೆಕ್ಕಕ್ಕೂ ಮುನ್ನ ಅಳಿಸುವುದು ಕ್ಷೇಮ. ಎರಡು ತಿಂಗಳು ಮುಂಚೆಯೇ ಮೊಬೈಲ್ ಕ್ಯಾಲ್ಕ್ಯುಲೇಟರ್ ಬಿಟ್ಟು ಇದರಲ್ಲೇ ಅಭ್ಯಾಸ ಮಾಡಿದವರಿಗೆ ಪರೀಕ್ಷೆಯಲ್ಲಿ ಹತ್ತು ಹದಿನೈದು ನಿಮಿಷ ಉಳಿದರೆ ಆಶ್ಚರ್ಯವಿಲ್ಲ.

2021ರಲ್ಲಿ ಐಐಟಿ ಬಾಂಬೆ ನಡೆಸಿದ ಪರೀಕ್ಷೆಯಲ್ಲಿ ಎಂಎಸ್‌ಕ್ಯು ಬಂತು: ನಾಲ್ಕು ಆಯ್ಕೆ, ಸರಿಯಾದವು ಒಂದಿರಬಹುದು, ನಾಲ್ಕೂ ಇರಬಹುದು. ಪರದೆಯಲ್ಲಿ ದುಂಡು ಗುಂಡಿಯ ಬದಲು ಚೌಕ ಕಂಡರೆ ಇದೇ ಎಂದು ತಿಳಿಯಬೇಕು. ನೆಗೆಟಿವ್ ಇಲ್ಲ, ಅರ್ಧ ಅಂಕವೂ ಇಲ್ಲ. ಐಐಟಿ ಬಿ.ಟೆಕ್ ಪ್ರವೇಶದ ಜೆಇಇ ಅಡ್ವಾನ್ಸ್‌ಡ್‌ನಲ್ಲಿ ಭಾಗಶಃ ಅಂಕ ಉಂಟು, ತಪ್ಪಿಗೆ ಕಳೆಯುವುದೂ ಉಂಟು. ಆ ನೆನಪಿನಲ್ಲಿ ಬಂದವರು ಇಲ್ಲಿ ಹೆದರಿ ಖಾಲಿ ಬಿಡುತ್ತಾರೆ.

ಹಿಡಕಲ್, ಆಲಮಟ್ಟಿ ಅಣೆಕಟ್ಟು ನೋಡುತ್ತ ಬೆಳೆದ ಸಿವಿಲ್ ವಿದ್ಯಾರ್ಥಿಗೆ ಹೀಗೊಂದು ಪ್ರಶ್ನೆ ಕೊಡಿ: ಗುರುತ್ವ ಅಣೆಕಟ್ಟನ್ನು ಕೆಳಬದಿಯ ಪಾದದ ಸುತ್ತ ಉರುಳಿಸಲು ನೋಡುವ ಬಲಗಳು ಯಾವುವು? ಮೇಲ್ಬದಿಯ ನೀರಿನ ಒತ್ತಡ, ಅಡಿಪಾಯದಿಂದ ಮೇಲೆತ್ತುವ ಒತ್ತಡ, ಕಟ್ಟೆಯ ಸ್ವಂತ ತೂಕ, ಕೆಳಬದಿಯಲ್ಲಿ ನಿಂತ ನೀರಿನ ಒತ್ತಡ. ಸರಿಯಾದವು ಮೊದಲೆರಡು. ವಿಟಿಯು ಪತ್ರಿಕೆಯಲ್ಲಿ ಮೇಲ್ಬದಿಯ ನೀರನ್ನಷ್ಟೇ ಬರೆದು ಮೇಲೆತ್ತುವ ಒತ್ತಡ ಮರೆತವನಿಗೆ ಅರ್ಧವಾದರೂ ಸಿಗುತ್ತದೆ. ಎಂಎಸ್‌ಕ್ಯುನಲ್ಲಿ ಅವನೂ ಒಂದೇ, ಏನೂ ಓದದೆ ಬಂದವನೂ ಒಂದೇ. ನನ್ನ ಮಟ್ಟಿಗೆ ಈ ಬಗೆಯ ದೊಡ್ಡ ದೋಷ ಇದೇ. ಗಟ್ಟಿತನವೂ ಇದರಲ್ಲೇ ಇದೆ ಎಂದು ವಾದಿಸುವವರಿದ್ದಾರೆ: ಮೇಲೆತ್ತುವ ಒತ್ತಡ ಮರೆತು ಕಟ್ಟಿದ ಅಣೆಕಟ್ಟು ಅರ್ಧ ನಿಲ್ಲುವುದಿಲ್ಲವಲ್ಲ ಎನ್ನುತ್ತಾರೆ.

ಊಹೆಯ ಲೆಕ್ಕವನ್ನೂ ಒಮ್ಮೆ ನೋಡಬೇಕು, ಏಕೆಂದರೆ ಮೂರು ಬಗೆಗೂ ಮೂರು ನೀತಿ. ನಾಲ್ಕರಲ್ಲಿ ಒಂದೇ ಸರಿ ಇರುವ ಪ್ರಶ್ನೆ, ಅಂದರೆ ಎಂಸಿಕ್ಯು, ಒಂದು ಅಂಕದ್ದು ತಪ್ಪಿದರೆ ಮೂರನೇ ಒಂದು, ಎರಡು ಅಂಕದ್ದು ತಪ್ಪಿದರೆ ಮೂರನೇ ಎರಡು ಕಳೆಯುತ್ತದೆ. ಕಣ್ಣು ಮುಚ್ಚಿ ಒತ್ತಿದರೆ ಸರಾಸರಿ ಲಾಭ ಸರಿಯಾಗಿ ಸೊನ್ನೆ. ಒಂದು ಆಯ್ಕೆಯನ್ನು ಖಚಿತವಾಗಿ ಹೊಡೆದುಹಾಕಿದರೆ ಒಂದಂಕದ ಪ್ರಶ್ನೆಗೆ ಸರಾಸರಿ ಒಂಬತ್ತನೇ ಒಂದು ಅಂಕ, ಎರಡನ್ನು ಹೊಡೆದುಹಾಕಿದರೆ ಮೂರನೇ ಒಂದು. ಹಾಗಾಗಿ ‘ಗೊತ್ತಿಲ್ಲದ್ದನ್ನು ಮುಟ್ಟಬೇಡ’ ಎಂಬ ಬುದ್ಧಿಮಾತು ಅರ್ಧ ಸತ್ಯ. ಎಂಎಸ್‌ಕ್ಯುನಲ್ಲಿ ಆಯ್ಕೆಗಳ 15 ಗುಂಪು ಸಾಧ್ಯ, ಕುರುಡಾಗಿ ಒತ್ತಿದರೆ 15ರಲ್ಲಿ ಒಂದು ಅವಕಾಶ. ಒಂದು ಸರಿ, ಇನ್ನೊಂದು ತಪ್ಪು ಎಂದು ಗಟ್ಟಿಯಾಗಿದ್ದರೆ ಉಳಿಯುವುದು ನಾಲ್ಕೇ ಗುಂಪು. ಕಳೆಯುವುದಂತೂ ಏನೂ ಇಲ್ಲ. ಎಂಎಸ್‌ಕ್ಯು, ನ್ಯಾಟ್ ಎರಡನ್ನೂ ಖಾಲಿ ಬಿಟ್ಟು ಎದ್ದುಬರುವುದು ದುಂದುಗಾರಿಕೆ.

ಕಲಿತ ತಂತ್ರ ಮೇಲಾದಾಗ ಪ್ರಶ್ನೆಯ ಬಗೆಯನ್ನೇ ಕಿತ್ತುಹಾಕುವುದು ಹೊರದೇಶದಲ್ಲೂ ನಡೆದಿದೆ. ಅಮೆರಿಕದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಜಿಆರ್‌ಇ 1977ರಲ್ಲಿ ತಂದ ವಿಶ್ಲೇಷಣಾ ವಿಭಾಗದ ಕೆಲವು ಬಗೆಗಳು ಅಭ್ಯಾಸದಿಂದಲೇ ಅಂಕ ಏರಿಸಿಕೊಡುತ್ತವೆ ಎಂದು ಗೊತ್ತಾಗಿ 1981ರಲ್ಲಿ ಅವನ್ನು ಬಿಟ್ಟರು. ವಿರುದ್ಧಪದಗಳ ಪ್ರಶ್ನೆ 2011ರಲ್ಲಿ ಹೋಯಿತು.

ಇಲ್ಲಿನ ಓದುಗರಿಗೆ ಕೆಲಸಕ್ಕೆ ಬರುವ ಮಾತು ಹಳೆಯ ಪ್ರಶ್ನೆಪತ್ರಿಕೆಗಳ ಬಗ್ಗೆ. ಝೆರಾಕ್ಸ್ ಅಂಗಡಿಗಳಲ್ಲಿ ಸಿಗುವ ಗಂಟುಗಳಲ್ಲಿ ಎಲ್ಲ ವರ್ಷಗಳೂ ಕಲಸಿರುತ್ತವೆ. ವಿಷಯ ಕಲಿಯಲು 2003ಕ್ಕೂ ಹಿಂದಿನ ಪತ್ರಿಕೆಗಳು ಚಿನ್ನ. ಲೆಕ್ಕ ಬಿಡಿಸಿ ಬರೆಯುವ ಆ ಭಾಗ ವಿಟಿಯು ರೂಢಿಗೂ ಹತ್ತಿರ. ಸಮಯ ಹಿಡಿದು ಅಭ್ಯಾಸ ಮಾಡಲು ಮಾತ್ರ 2021ರಿಂದ ಈಚಿನವೇ ಬೇಕು. ನಡುವಿನ ವರ್ಷಗಳ ಎಂಸಿಕ್ಯುಗಳನ್ನು ಆಯ್ಕೆಗಳ ಮೇಲೆ ಕಾಗದ ಮುಚ್ಚಿ ನ್ಯಾಟ್‌ನಂತೆ ಬಿಡಿಸಿದರೆ ಎರಡು ಪಟ್ಟು ಉಪಯೋಗ. ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿಸಿಇಟಿಗೂ ಕೂರುವವರು ಗಮನಿಸಿ: ಅಲ್ಲಿ ನೆಗೆಟಿವ್ ಇಲ್ಲ, ಒಂದನ್ನೂ ಬಿಡಬಾರದು. ಎರಡು ಪರೀಕ್ಷೆಗೂ ಒಂದೇ ಅಭ್ಯಾಸ ಹಚ್ಚಿಕೊಂಡರೆ ಒಂದರಲ್ಲಿ ನಷ್ಟ ಖಂಡಿತ.

ಪರದೆಯದೂ ಒಂದು ಕಟ್ಟಳೆ ಇದೆ. ಉತ್ತರ ಒತ್ತಿ ‘ಸೇವ್ ಆ್ಯಂಡ್ ನೆಕ್ಸ್ಟ್’ ಒತ್ತದೆ ಬಲಬದಿಯ ಅಂಕಿಯ ಮೇಲೆ ಒತ್ತಿ ಬೇರೆ ಪ್ರಶ್ನೆಗೆ ಹಾರಿದರೆ ಆ ಉತ್ತರ ಉಳಿಯುವುದಿಲ್ಲ. ಉತ್ತರ ಕೊಟ್ಟು ಮರುಪರಿಶೀಲನೆಗೆ ಗುರುತು ಹಾಕಿದ್ದನ್ನೂ ಎಣಿಸುತ್ತಾರೆ.

ಪರೀಕ್ಷೆ ಮುಗಿದ ಮೇಲೆ ತಾತ್ಕಾಲಿಕ ಕೀ ಉತ್ತರ ಪ್ರಕಟವಾಗುತ್ತದೆ, ಶುಲ್ಕ ಕಟ್ಟಿ ಆಕ್ಷೇಪಿಸಬಹುದು. ನ್ಯಾಟ್ ಬಂದ ಮೇಲೆ ಇಲ್ಲಿನ ಜಗಳದ ಸ್ವರೂಪವೂ ಬೇರೆಯಾಗಿದೆ: ಯಾವ ಆಯ್ಕೆ ಸರಿ ಎಂಬುದರ ಜೊತೆಗೆ ವ್ಯಾಪ್ತಿ ಎಷ್ಟು ಅಗಲ ಇರಬೇಕು ಎಂಬ ತಕರಾರೂ ಸೇರಿದೆ. ಕೋಷ್ಟಕದಿಂದ ತೆಗೆದ ಬೆಲೆಗೂ ಸೂತ್ರದಿಂದ ತೆಗೆದ ಬೆಲೆಗೂ ವ್ಯತ್ಯಾಸ ಬರುವ ಲೆಕ್ಕಗಳಲ್ಲಿ ಈ ಆಕ್ಷೇಪಕ್ಕೆ ಬಲವಿರುತ್ತದೆ. ಆಗ ರಫ್ ಹಾಳೆ ಕೈಯಲ್ಲಿರುವುದಿಲ್ಲ. ಹಂತಗಳನ್ನೆಲ್ಲ ಮತ್ತೆ ಬಿಡಿಸಿ, ಪಠ್ಯಪುಸ್ತಕದ ಆಧಾರ ಹಚ್ಚಿ ಕಳಿಸಬೇಕು. ಗೇಟ್‌ನಲ್ಲಿ ಸ್ಟೆಪ್‌ಗಳನ್ನು ಯಾರಾದರೂ ಓದುವುದು ಅಲ್ಲಿ ಮಾತ್ರ.