ಹಳೆ ನಕ್ಷೆಯಲ್ಲಿ ಮೊದಲು ಕಡವು ಹುಡುಕಿ

ಜಾಗ ಅಳೆಯುವುದು ನನ್ನ ಕಸುಬು. ಶಾಲೆಯ ಶತಮಾನೋತ್ಸವ, ದೇವಸ್ಥಾನದ ಬ್ರಹ್ಮಕಲಶ ಅಂತ ಸ್ಮರಣ ಸಂಚಿಕೆ ತರುವವರು ಈಚೆಗೆ ನನ್ನಲ್ಲಿ ಹಳೆ ಸರ್ವೆ ನಕ್ಷೆ ಕೇಳಿಕೊಂಡು ಬರುತ್ತಾರೆ. ನಕ್ಷೆ ಕೈಗೆ ಸಿಕ್ಕಿದ ಕೂಡಲೇ ಎಲ್ಲರೂ ಮಾಡುವುದು ಒಂದೇ ಕೆಲಸ, ತಮ್ಮ ಊರಿನ ಹೆಸರು ಹುಡುಕುವುದು. ಸಿಕ್ಕಿದರೆ ಖುಷಿ, ಇಲ್ಲದಿದ್ದರೆ ಬೇಜಾರು. ಅಲ್ಲಿಗೆ ನಕ್ಷೆ ಮಡಚಿ ಇಡುತ್ತಾರೆ. ಹೆಸರು ಆಮೇಲೆ ನೋಡಿದರಾಯಿತು. ಮೊದಲು ಹೊಳೆ ನೋಡಿ. ಆ ಹೊಳೆಯನ್ನು ಜನ ದೋಣಿಯಲ್ಲಿ ಎಲ್ಲಿ ದಾಟುತ್ತಿದ್ದರು, ಅಂದರೆ ಕಡವು ಎಲ್ಲಿತ್ತು ಅಂತ ನೋಡಿ.

ಕಾಸರಗೋಡಿನ ನೆಲ ಹಾಗಿದೆ. ಮಂಜೇಶ್ವರದಿಂದ ತೆಂಕಕ್ಕೆ ಹೊರಟರೆ ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ, ಒಂದಾದ ಮೇಲೊಂದು ಹೊಳೆ ಅಡ್ಡ ಬರುತ್ತದೆ. ಎಲ್ಲವೂ ಮೂಡಣದಿಂದ ಪಡುವಣಕ್ಕೆ, ಕಡಲಿಗೆ. ಕರಾವಳಿಯುದ್ದಕ್ಕೆ ಹೋಗುವವನು ದೋಣಿಗೆ ಕಾಯಲೇಬೇಕಿತ್ತು. ಕೆಳದಿಯವರ ಚಂದ್ರಗಿರಿ ಕೋಟೆ ಹೊಳೆಯ ನೆತ್ತಿಯ ಮೇಲೆ ಸುಮ್ನೆ ಕೂತಿಲ್ಲ.

ಹಳೆ ಒಂದಿಂಚಿನ ನಕ್ಷೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಒಂದಿಂಚು ಅಂದರೆ ನೆಲದ ಮೇಲಿನ ಒಂದು ಮೈಲಿಗೆ ಕಾಗದದ ಮೇಲೆ ಒಂದು ಇಂಚು. ಗಾಡಿ ದಾರಿಯ ಗೆರೆ ಹೊಳೆಯ ದಡಕ್ಕೆ ಬಂದು ನಿಲ್ಲುತ್ತದೆ, ಆಚೆ ದಡದಿಂದ ಮತ್ತೆ ಹೊರಡುತ್ತದೆ. ನಡುವೆ ಸೇತುವೆಯ ಗುರುತು ಇಲ್ಲ. ಅದೇ ಕಡವು. ಎರಡೂ ದಡದಲ್ಲಿ ಮನೆಗಳ ಚಿಕ್ಕ ಚಿಕ್ಕ ಚೌಕಗಳು ಗುಂಪಾಗಿದ್ದರೆ ಅಲ್ಲಿ ಪೇಟೆಯೋ ಸಂತೆಯೋ ಇದ್ದಿರಬಹುದು. ಈಗ ಅದೇ ಜಾಗದ ಹೊಸ ನಕ್ಷೆ ಪಕ್ಕಕ್ಕಿಡಿ. ಸೇತುವೆ ಒಂದೆರಡು ಮೈಲಿ ಆಚೆ ಬಂದಿದ್ದರೆ ರಸ್ತೆಯೂ ಅತ್ತ ತಿರುಗಿರುತ್ತದೆ, ಅಂಗಡಿಗಳೂ ರಸ್ತೆಯ ಹಿಂದೆ ಹೋಗಿರುತ್ತವೆ. ಊರು ಯಾಕೆ ಬಡವಾಯಿತು ಅಂತ ಹತ್ತು ಕಥೆ ಹೇಳುವವರಿದ್ದಾರೆ. ಈ ಎರಡು ಹಾಳೆ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧಕ್ಕೆ ಆ ದಡದಲ್ಲೇ ಇರುವ ಹಿರಿಯರನ್ನು ಕೇಳಬೇಕು. 'ಅಜ್ಜಾ, ಊರಿನ ಚರಿತ್ರೆ ಹೇಳಿ' ಅಂದರೆ ಪುರಾಣ ಶುರುವಾಗುತ್ತದೆ. 'ಅಜ್ಜಾ, ಮಳೆಗಾಲದಲ್ಲಿ ದೋಣಿ ಎಲ್ಲಿ ಕಟ್ಟುತ್ತಿದ್ದರು?' ಅಂತ ಕೇಳಿ ನೋಡಿ.

1907ರಲ್ಲಿ ಮಂಗಳೂರಿಗೆ ರೈಲು ಬಂತು. ಹಳಿ ಬಿದ್ದ ಮೇಲೆ ಸರಕಿನ ದಾರಿ ಬದಲಾಯಿತು. ಹಾಗಾಗಿ ಅದಕ್ಕಿಂತ ಮೊದಲಿನದೊಂದು, ಆಮೇಲಿನದೊಂದು ನಕ್ಷೆ ಇದ್ದರೆ ಬಹಳ ಉಪಯೋಗ.

ಇಲ್ಲೊಂದು ಎಚ್ಚರಿಕೆ. ಹಾಳೆಯಲ್ಲಿ ಎರಡು ಬಗೆಯ ಇಸವಿ ಇರುತ್ತದೆ. ಒಂದು ಅಚ್ಚು ಹಾಕಿದ್ದು, ಇನ್ನೊಂದು ಅಳತೆ ಮಾಡಿದ್ದು. ನಮಗೆ ಬೇಕಾದದ್ದು ಅಳತೆಯ ಇಸವಿ. ಹಳೆ ಅಳತೆಗೆ ಒಂದೆರಡು ರಸ್ತೆ ಸೇರಿಸಿ ಮತ್ತೆ ಅಚ್ಚು ಹಾಕುವುದು ಆಗಲೂ ಇತ್ತು. ರಸ್ತೆ ಹೊಸದು, ಮನೆಗಳು ಹಳೆಯವು! ಸ್ಮರಣ ಸಂಚಿಕೆಯಲ್ಲಿ 'ಈ ವರ್ಷ ನಮ್ಮೂರು ಹೀಗಿತ್ತು' ಅಂತ ಬರೆಯುವ ಮೊದಲು ಅಂಚಿನ ಸಣ್ಣ ಅಕ್ಷರ ಓದಿ.

ಹಾಳೆ ಹುಡುಕುವಾಗ ಕಾಸರಗೋಡು ಪೇಟೆಯವರಿಗೆ ಒಂದು ತಮಾಷೆಯ ಕಷ್ಟ ಇದೆ. ಹದಿನೈದು ನಿಮಿಷ (ಅಂದರೆ ಕಾಲು ಡಿಗ್ರಿ) ಅಕ್ಷಾಂಶ, ಹದಿನೈದು ನಿಮಿಷ ರೇಖಾಂಶಕ್ಕೆ ಒಂದು ಹಾಳೆ. ಪೇಟೆ ಇರುವುದು ಸುಮಾರು 12 ಡಿಗ್ರಿ 30 ನಿಮಿಷ ಉತ್ತರ, 75 ಡಿಗ್ರಿ ಪೂರ್ವದ ಹತ್ತಿರ, ಅಂದರೆ ನಾಲ್ಕು ಹಾಳೆ ಕೂಡುವ ಮೂಲೆಯಲ್ಲಿ. ಮಂಜೇಶ್ವರ, ಕುಂಬಳೆಗೆ 48 ಎಲ್/14 ನಂಬರಿನ ಹಾಳೆ, ಬದಿಯಡ್ಕಕ್ಕೆ 48 ಪಿ/2, ಬೇಕಲಕ್ಕೆ 48 ಪಿ/3 ಕೇಳಬೇಕು. ಪೇಟೆಯವರು ಹಾಳೆ ಜೋಡಿಸಿಯೇ ನೋಡಬೇಕು.

ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ಕ್ಕಿಂತ ಮೊದಲಿನ ಹಾಳೆಯಲ್ಲಿ ತಲಪಾಡಿ ಹತ್ತಿರ ರಾಜ್ಯದ ಗಡಿ ಕಾಣುವುದಿಲ್ಲ. ಇರುವುದು ತಾಲೂಕಿನ ಗಡಿ ಅಷ್ಟೇ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ತಾಲೂಕು. ಪಯಸ್ವಿನಿಯ ಗುಂಟ ಬೆರಳಿಟ್ಟು ಹೋದರೆ ಸುಳ್ಯ, ಜಾಲ್ಸೂರು, ಆದೂರು ಎಲ್ಲ ಒಂದೇ ಹೊಳೆಯ ಊರುಗಳು. ಕೆಳಗೆ ಹೋದಾಗ ಅದೇ ಚಂದ್ರಗಿರಿ. 1967ರಲ್ಲಿ ಮಹಾಜನ ಆಯೋಗ ಈ ಹೊಳೆಗಳ ಬಡಗಿನ ಭಾಗ ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕಕ್ಕೆ) ಸೇರಬೇಕು ಅಂದಿತ್ತು. ಅದು ಜಾರಿಗೆ ಬರಲಿಲ್ಲ. ಗಡಿಯ ಜಗಳ ಏನೇ ಇರಲಿ, ಮದುವೆ ಸಂಬಂಧ, ಅಡಿಕೆ ವ್ಯಾಪಾರ ಯಾವ ದಾರಿಯಲ್ಲಿ ನಡೆದಿರಬಹುದು ಅಂತ ಊಹಿಸಲು ಈ ಹಳೆ ಹಾಳೆಗಳೇ ಒಳ್ಳೆಯದು.

ಕಂದು ಬಣ್ಣದ ಎತ್ತರದ ಗೆರೆಗಳನ್ನೂ ಬಿಡಬೇಡಿ. ಸಾಮಾನ್ಯವಾಗಿ 50 ಅಡಿ ಎತ್ತರಕ್ಕೆ ಒಂದು ಗೆರೆ. ಗೆರೆಗಳು ಒತ್ತಾಗಿ ಬಂದು ಮೇಲೆ ಬಯಲು ಬಿಟ್ಟರೆ ಅದು ಮುರಕಲ್ಲಿನ ಪದವು. ರಾಷ್ಟ್ರೀಯ ಹೆದ್ದಾರಿ 66ಕ್ಕಾಗಿ ಕಡಿದ ಗುಡ್ಡಗಳ ಮೊದಲಿನ ಆಕಾರ ಈ ಗೆರೆಗಳಲ್ಲಿ ಉಳಿದಿದೆ.

ಹಳೆ ನಕ್ಷೆಯನ್ನು ಮೊಬೈಲಿನ ನಕ್ಷೆಯ ಮೇಲೆ ಹಾಸಿದಾಗ ಎಲ್ಲವೂ ನೂರಿನ್ನೂರು ಮೀಟರ್ ಸರಿದಂತೆ ಕಂಡರೆ ಗಾಬರಿ ಬೇಡ. ಆಗ ಭೂಮಿಯ ಆಕಾರಕ್ಕೆ ಇಟ್ಟುಕೊಂಡ ಲೆಕ್ಕ ಸರ್ವೆಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟರದ್ದು, ಇಂದಿನ ಜಿಪಿಎಸ್‌ನ ಲೆಕ್ಕ ಬೇರೆ. ಹಳೆ ದೇವಸ್ಥಾನ, ರೈಲ್ವೆ ಸೇತುವೆಯಂಥ ಕದಲದ ಗುರುತು ಹಿಡಿದು ಹೊಂದಿಸಿ. ಹೊಳೆಯ ಬಾಯಿಯನ್ನು ಮಾತ್ರ ನಂಬಬೇಡಿ. ಮರಳಿನ ದಿಣ್ಣೆ ಜಾಗ ಬದಲಿಸುತ್ತಲೇ ಇರುತ್ತದೆ.

ಎಣ್ಮಕಜೆಯ ಕಡೆಯವರು ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗ ಇದರಲ್ಲಿದೆಯಾ ಅಂತ ಕೇಳುತ್ತಾರೆ. ಒಂದು ಮಿಲಿಮೀಟರಿಗೆ 63 ಮೀಟರ್ ನೆಲ ಬರುವ ಕಾಗದದಲ್ಲಿ ಆಳು ಬಗ್ಗಿ ನುಗ್ಗುವ ಬಾಯಿ ಎಲ್ಲಿ ಕಾಣಬೇಕು? ಅದಕ್ಕೆ ತೋಟದ ಯಜಮಾನರ ಜತೆ ನಡೆಯಬೇಕು. ಇನ್ನು ಕೆಲವರು ಕುಮ್ಕಿ (ಸಾಗುವಳಿ ಜಾಗಕ್ಕೆ ತಾಗಿದ ಸರಕಾರಿ ನೆಲ) ತಕರಾರಿಗೆ ಈ ನಕ್ಷೆ ಹಿಡಿದುಕೊಂಡು ಬರುತ್ತಾರೆ. ಬೇಲಿಯ ಜಗಳ ಇದರಿಂದ ತೀರುವುದಿಲ್ಲ. ಅದಕ್ಕೆ ಸರ್ವೆ ನಂಬರಿನ ಅಳತೆ ಪುಸ್ತಕ ಬೇಕು, ಅದು ಸಿಗುವುದು ಕಂದಾಯ ಇಲಾಖೆಯಲ್ಲಿ.