ಏರಿದ ಕಾರ್ಟಿಸಾಲ್ ಮತ್ತು ಲೆಕ್ಕಕ್ಕೆ ಬಾರದ ಮಾತ್ರೆ

“ಡಾಕ್ಟ್ರೇ, ನನ್ನ ಸ್ಟ್ರೆಸ್ ಹಾರ್ಮೋನ್ ವಿಪರೀತ ಏರಿದೆಯಂತೆ.” ಹೀಗೆನ್ನುತ್ತಾ ರಕ್ತಪರೀಕ್ಷೆಯ ರಿಪೋರ್ಟನ್ನು ಮೇಜಿನ ಮೇಲಿಡುವ ಯುವತಿಯರನ್ನು ನಾನು ಮೊದಲು ಕೇಳುವುದು ಒತ್ತಡದ ಬಗ್ಗೆಯಲ್ಲ, ಗರ್ಭನಿರೋಧಕ ಮಾತ್ರೆಯ ಬಗ್ಗೆ. “ತಗೊಳ್ತೀನಿ, ಅದಕ್ಕೂ ಇದಕ್ಕೂ ಏನು ಸಂಬಂಧ?” ಎಂಬ ಮರುಪ್ರಶ್ನೆ ಬರುತ್ತದೆ.

ಸಂಬಂಧ ಇರುವುದು ಲಿವರ್‌ನಲ್ಲಿ. ಸ್ಟ್ರೆಸ್ ಹಾರ್ಮೋನ್ ಎಂದರೆ ಕಾರ್ಟಿಸಾಲ್. ರಕ್ತದಲ್ಲಿರುವ ಅದರ ಬಹುಪಾಲು ಪ್ರೊಟೀನುಗಳಿಗೆ ಅಂಟಿಕೊಂಡೇ ಓಡಾಡುತ್ತದೆ. ಬಿಡಿಯಾಗಿರುವ ಅಲ್ಪಭಾಗಕ್ಕೆ ಮಾತ್ರ ಕೆಲಸ ಮಾಡುವ ಶಕ್ತಿ. ಮಾತ್ರೆಯಲ್ಲಿರುವ ಈಸ್ಟ್ರೋಜನ್, ಕಾರ್ಟಿಸಾಲನ್ನು ಹೊರುವ ಪ್ರೊಟೀನನ್ನು ಹೆಚ್ಚು ತಯಾರಿಸುವಂತೆ ಲಿವರನ್ನು ಪ್ರೇರೇಪಿಸುತ್ತದೆ. ಅಂಟಿಕೊಂಡ ಕಾರ್ಟಿಸಾಲ್‌ನ ಠೇವಣಿ ಬೆಳೆದಿದೆ, ಕೈಯಲ್ಲಿರುವ ಬಿಡಿ ಚಿಲ್ಲರೆ ಹೆಚ್ಚುಕಡಿಮೆ ಅಷ್ಟೇ ಇದೆ. ಸಾಮಾನ್ಯ ರಕ್ತಪರೀಕ್ಷೆ ಎರಡನ್ನೂ ಕೂಡಿಸಿ ಒಂದೇ ಮೊತ್ತ ಹೇಳುತ್ತದೆ. ಆ ಮೊತ್ತ ನೋಡಿ ಕಾರ್ಟಿಸಾಲ್ ನಿಜವಾಗಿಯೇ ಅತಿಯಾಗುವ ಕುಶಿಂಗ್ ಕಾಯಿಲೆಯ ಅನುಮಾನಕ್ಕೆ ಬಿದ್ದು ನಿದ್ದೆಗೆಟ್ಟವರನ್ನು ನೋಡಿದ್ದೇನೆ. ಅನುಮಾನ ಪರಿಹರಿಸಲು, ಡೆಕ್ಸಾಮೆಥಾಸೋನ್ ಎಂಬ ಔಷಧಿ ಕೊಟ್ಟು ಕಾರ್ಟಿಸಾಲ್ ಇಳಿಯುತ್ತದೆಯೇ ಎಂದು ನೋಡುವ ಪರೀಕ್ಷೆಯೂ ಇದೇ ಕಾರಣಕ್ಕೆ ದಾರಿ ತಪ್ಪಿಸಬಹುದು. ಹಾಗಾಗಿ ಈ ಪರೀಕ್ಷೆಗೆ ಮೊದಲು ಸುಮಾರು 6 ವಾರ ಈಸ್ಟ್ರೋಜನ್ ನಿಲ್ಲಿಸುವುದು ರೂಢಿ; ಆ ಅವಧಿಗೆ ಬೇರೆ ಗರ್ಭನಿರೋಧಕ ಬೇಕೆಂಬುದನ್ನು ಮರೆಯುವಂತಿಲ್ಲ. ನಿಲ್ಲಿಸಲಾಗದಿದ್ದರೆ ರಾತ್ರಿ ಮಲಗುವ ಹೊತ್ತಿನ ಜೊಲ್ಲು ಅಥವಾ 24 ಗಂಟೆಯ ಮೂತ್ರ ಪರೀಕ್ಷಿಸಬಹುದು. ಅಲ್ಲಿ ಸಿಗುವುದು ಬಿಡಿ ಕಾರ್ಟಿಸಾಲ್‌ನ ಲೆಕ್ಕ. ಈಸ್ಟ್ರೋಜನ್ ಇಲ್ಲದೆ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಹಾರ್ಮೋನಿನ ಕೃತಕ ರೂಪ) ಮಾತ್ರ ಇರುವ ಮಾತ್ರೆಗಳಲ್ಲಿ ಈ ಗೊಂದಲವೇ ಇಲ್ಲ.

ಇದರ ಜೊತೆಗೊಂದು ವಿಚಿತ್ರ. ಅಪರಿಚಿತರೆದುರು ಭಾಷಣ ಮಾಡಿಸಿ, ಬಾಯಿಲೆಕ್ಕ ಹಾಕಿಸಿ ಜೊಲ್ಲಿನ ಕಾರ್ಟಿಸಾಲ್ ಅಳೆಯುವ ಪ್ರಯೋಗಗಳಿವೆ. ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಇತರರಷ್ಟು ಏರುವುದಿಲ್ಲ. ಹಾಗೆಂದು ಅವರಿಗೆ ಗಾಬರಿ ಕಡಿಮೆ ಎಂದಲ್ಲ. ಇದನ್ನು ನೆಮ್ಮದಿಯ ಲಕ್ಷಣವೆಂದೂ ಹಾನಿಯ ಲಕ್ಷಣವೆಂದೂ ಓದುವ ಆತುರ ನನಗಿಲ್ಲ.

ಮನಸ್ಸಿನ ಮಾತು ಬೇರೆ. ಅಂಡೋತ್ಪತ್ತಿಯ ನಂತರ ದೇಹವೇ ತಯಾರಿಸುವ ಪ್ರೊಜೆಸ್ಟರಾನ್‌ನ ಒಂದು ಭಾಗ ಅಲೋಪ್ರೆಗ್ನನಲೋನ್ ಎಂಬ ರಾಸಾಯನಿಕವಾಗಿ ಬದಲಾಗಿ, ಮಿದುಳನ್ನು ಶಾಂತಗೊಳಿಸುವ ಗಾಬಾ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ. ಮಾತ್ರೆ ಅಂಡೋತ್ಪತ್ತಿಯನ್ನು ತಡೆದಾಗ ಈ ಏರಿಳಿತವೂ ನಿಲ್ಲುತ್ತದೆ. ಕೆಲವರಿಗೆ ಅದೇ ವರ. ಮುಟ್ಟಿನ ಮುಂಚಿನ ತೀವ್ರ ಖಿನ್ನತೆ, ಸಿಡುಕಿಗೆ ಡ್ರೋಸ್ಪಿರೆನೋನ್ ಎಂಬ ಪ್ರೊಜೆಸ್ಟಿನ್ ಇರುವ ಒಂದು ಮಾತ್ರೆಗೆ ಅಮೆರಿಕದಲ್ಲಿ 2006ರಲ್ಲಿ ಒಪ್ಪಿಗೆ ಸಿಕ್ಕಿತು. ಇನ್ನು ಕೆಲವರಿಗೆ ಮಂಕು ಕವಿಯುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ.

2016ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನ 15ರಿಂದ 34ರ ವಯಸ್ಸಿನ 10 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಗಮನಿಸಿತ್ತು. ಖಿನ್ನತೆಯ ಔಷಧಿ ಮೊದಲ ಸಲ ಶುರುಮಾಡಿದವರು, ಹಾರ್ಮೋನ್ ಗರ್ಭನಿರೋಧಕ ಬಳಸದವರಲ್ಲಿ ವರ್ಷಕ್ಕೆ ನೂರಕ್ಕೆ 1.7, ಬಳಸಿದವರಲ್ಲಿ 2.2. ಹದಿಹರೆಯದವರಲ್ಲಿ ಅಂತರ ಇನ್ನೂ ದೊಡ್ಡದು. ಇದು ಗಮನಿಸಿದ ಲೆಕ್ಕವಷ್ಟೇ, ಮಾತ್ರೆಯೇ ಕಾರಣ ಎಂಬ ಸಾಬೀತಲ್ಲ. ಮರುವರ್ಷ ಸ್ವೀಡನ್ನಿನಲ್ಲಿ 340 ಮಹಿಳೆಯರಿಗೆ ಮೂರು ತಿಂಗಳು ಮಾತ್ರೆ ಇಲ್ಲವೇ ಹುಸಿಮಾತ್ರೆ ಕೊಟ್ಟು ನೋಡಿದರು. ಮಾತ್ರೆ ನುಂಗಿದವರ ಲವಲವಿಕೆ ತುಸು ಕುಗ್ಗಿತ್ತು. ಖಿನ್ನತೆ ಗಮನಾರ್ಹವಾಗಿ ಹೆಚ್ಚಲಿಲ್ಲ. “ಎಲ್ಲಾ ನಿಮ್ಮ ಭ್ರಮೆ” ಎಂದು ಕಳಿಸುವ ವೈದ್ಯರೂ, “ಮಾತ್ರೆ ಮನಸ್ಸು ಕೆಡಿಸುತ್ತೆ” ಎಂದು ಹೆದರಿಸುವವರೂ ಈ ಎರಡನ್ನೂ ಒಟ್ಟಿಗೆ ಓದಬೇಕು.

ನಾನು ಮಾಡುವುದು ಸರಳ. ಹಿಂದೆ ಖಿನ್ನತೆ ಇತ್ತೇ ಎಂದು ಕೇಳಿಯೇ ಮಾತ್ರೆ ಬರೆಯುತ್ತೇನೆ. ಮೊದಲ ಮೂರು ತಿಂಗಳು ದಿನಕ್ಕೊಂದು ಸಾಲು, ಮನಸ್ಸು ಹೇಗಿತ್ತೆಂದು, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ ಎನ್ನುತ್ತೇನೆ. ಕುಗ್ಗಿದರೆ ಪ್ರೊಜೆಸ್ಟಿನ್ ಬದಲಿಸುವುದಿದೆ, ಹಾರ್ಮೋನಿಲ್ಲದ ತಾಮ್ರದ ಕಾಪರ್-ಟಿ ಇದೆ. ಬದುಕೇ ಬೇಡ ಎನಿಸಿದರೆ ಮೂರು ತಿಂಗಳು ಕಾಯಬೇಡಿ, ಅಂದೇ ಬನ್ನಿ.

ಮನಸ್ಸಿನ ಏರುಪೇರಿಗೆ ಲ್ಯಾಮೊಟ್ರಿಜಿನ್ ತೆಗೆದುಕೊಳ್ಳುತ್ತಿರುವವರು ಇನ್ನೊಂದನ್ನು ತಿಳಿದಿರಬೇಕು. ಈಸ್ಟ್ರೋಜನ್ ಇರುವ ಮಾತ್ರೆ ರಕ್ತದಲ್ಲಿ ಆ ಔಷಧಿಯ ಮಟ್ಟವನ್ನು ಸುಮಾರು ಅರ್ಧಕ್ಕಿಳಿಸುತ್ತದೆ. ಮಾತ್ರೆಯಿಲ್ಲದ ವಾರ ಬಂದರೆ ಅದು ಮತ್ತೆ ಏರುತ್ತದೆ. ಡೋಸ್ ಸರಿಪಡಿಸಬೇಕಾದ ಮನೋವೈದ್ಯರಿಗೆ ಮಾತ್ರೆಯ ವಿಷಯ ಗೊತ್ತೇ ಆಗಿರುವುದಿಲ್ಲ. ಯಾವ ಯಾವ ಔಷಧಿ ನುಂಗ್ತೀರಿ ಎಂದರೆ ಹೆಚ್ಚಿನವರು ಗರ್ಭನಿರೋಧಕದ ಹೆಸರೆತ್ತುವುದೇ ಇಲ್ಲ; ಅದನ್ನವರು ಔಷಧಿ ಎಂದು ಲೆಕ್ಕ ಹಾಕಿರುವುದೇ ಇಲ್ಲ.