ಗೊರಕೆಯ ‘ಕ್ಲಿಪ್’ ಯಾರಿಗೆ ಫಲ ಕೊಡುತ್ತದೆ?

ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆ ಎಂಬ ವರದಿ ಹಿಡಿದು ದಂತವೈದ್ಯರ ಬಳಿಗೆ ಬರುವವರ ಬೇಡಿಕೆ ಬಹುಮಟ್ಟಿಗೆ ಒಂದೇ: ‘ಮಷೀನು ಬೇಡ ಸರ್, ಬಾಯಿಗೆ ಹಾಕುವ ಕ್ಲಿಪ್ ಕೊಡಿ.’ ಬೇಡಿಕೆಯಲ್ಲಿ ತಪ್ಪೇನಿಲ್ಲ. ಕಲಬುರಗಿಯ ಮೇ ತಿಂಗಳ ಸೆಕೆಯಲ್ಲಿ ಮುಖಕ್ಕೆ ಮಾಸ್ಕ್ ಬಿಗಿದುಕೊಂಡು ಮಲಗುವುದು ಯಾರಿಗೂ ಹಿತವಲ್ಲ. ಮಾಳಿಗೆಯ ಮೇಲೆ ಹಾಸಿಗೆ ಹಾಕುವವರು ಮಾಸ್ಕಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲು ತೆರೆದಿಡುವ ಸಿಪ್ಯಾಪ್ ಯಂತ್ರಕ್ಕೆ ಅಲ್ಲಿಯವರೆಗೆ ವೈರು ಎಳೆಯಬೇಕು. ನಡುರಾತ್ರಿ ಕರೆಂಟ್ ಹೋದರೆ ಅದೂ ನಿಂತಿತು. ಆದರೆ ಅಳತೆ ತೆಗೆದು ಮಾಡಿಸುವ ಕ್ಲಿಪ್‌ಗೆ ಖರ್ಚು ಕಡಿಮೆಯೇನಲ್ಲ. ಅದು ಎಲ್ಲರಿಗೂ ಫಲಿಸುವುದೂ ಇಲ್ಲ.

ಈ ಕ್ಲಿಪ್‌ನ ಕೆಲಸ ಸರಳ. ಮೇಲಿನ ಮತ್ತು ಕೆಳಗಿನ ಹಲ್ಲುಗಳ ಮೇಲೆ ಕೂರುವ ಎರಡು ಭಾಗಗಳು ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಹಿಡಿದಿಡುತ್ತವೆ. ಜೊತೆಗೆ ನಾಲಿಗೆಯ ಬುಡ ಮುಂದೆ ಬರುತ್ತದೆ, ಗಂಟಲಿನ ಅಕ್ಕಪಕ್ಕದ ಗೋಡೆಗಳು ಬಿಗಿಯಾಗಿ ಉಸಿರಿನ ದಾರಿ ಅಗಲವಾಗುತ್ತದೆ. ಹಾಕಿಸಿಕೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗದ ಜನರಿಗೆ ತೊಂದರೆ ಬಹುತೇಕ ಹೋಗುತ್ತದೆ, ಇನ್ನೊಂದು ಭಾಗಕ್ಕೆ ಅರ್ಧಂಬರ್ಧ ಗುಣ, ಉಳಿದವರಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ಯಾರು ಯಾವ ಗುಂಪಿಗೆ ಸೇರುತ್ತಾರೆ ಎಂಬುದನ್ನು ಹಣ ಕಟ್ಟಿಸಿಕೊಳ್ಳುವ ಮೊದಲೇ ಅಂದಾಜು ಮಾಡಬೇಕು.

ಅಂತರರಾಷ್ಟ್ರೀಯ ಲೇಖನಗಳು ಈ ಚರ್ಚೆಯನ್ನು ಗಂಟಲಿನಿಂದ ಆರಂಭಿಸುತ್ತವೆ. ನಮ್ಮ ಭಾಗದಲ್ಲಿ ನಾನು ಬಾಯಿಯಿಂದ ಆರಂಭಿಸುತ್ತೇನೆ, ಕಾರಣ ಗುಟ್ಕಾ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿದುಬಿಡುತ್ತದೆ. ಮೂರು ಬೆರಳು ನೆಟ್ಟಗೆ ಹಿಡಿಯಬೇಕಾದ ಬಾಯಿಯಲ್ಲಿ ಒಂದೂವರೆ ಬೆರಳು ಹೋಗುವುದೂ ಕಷ್ಟ. ಅಳತೆಯ ಟ್ರೇ ಒಳಗೆ ಹೋಗದ ಬಾಯಿಗೆ ಕ್ಲಿಪ್ ಕೂರಿಸುವುದು ಹೇಗೆ? ಬಾಯಿ ತೆರೆದರಷ್ಟೇ ಸಾಲದು, ದವಡೆ ಮುಂದಕ್ಕೂ ಸರಿಯಬೇಕು. ಕನಿಷ್ಠ 5 ಮಿಲಿಮೀಟರ್ ಸರಿಯದಿದ್ದರೆ ಪ್ರಯೋಜನ ಅನುಮಾನ. ಸಾಧನವನ್ನು ಹಿಡಿದಿಡಲು ಎರಡೂ ದವಡೆಗಳಲ್ಲಿ ಸಾಕಷ್ಟು ಗಟ್ಟಿ ಹಲ್ಲುಗಳು ಬೇಕು. ವಸಡಿನ ರೋಗದಿಂದ ಅಲುಗಾಡುವ ಹಲ್ಲುಗಳ ಮೇಲೆ ರಾತ್ರಿಯಿಡೀ ಭಾರ ಹೇರಿದರೆ ಇರುವ ಹಲ್ಲೂ ಹೋಗುತ್ತದೆ. ಹಲ್ಲಿನ ಸೆಟ್ ಹಾಕಿಕೊಂಡ ಹಿರಿಯರಿಗೆ ಈ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ. ಆದರೆ ಯಾದಗಿರಿ ಕಡೆ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದವರು ಸುಮ್ಮನೆ ಹಿಂಜರಿಯುತ್ತಾರೆ. ಹಲ್ಲಿನ ಬಣ್ಣಕ್ಕೂ ಈ ಚಿಕಿತ್ಸೆಗೂ ಸಂಬಂಧವಿಲ್ಲ.

ಬಾಯಿ ಒಪ್ಪಿದ ಮೇಲೆ ನಿದ್ರೆಯ ಪರೀಕ್ಷೆಯ ವರದಿ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತಗ್ಗಿತು ಎಂಬ ಎಣಿಕೆಯ ಮೇಲೇ ಎಲ್ಲರ ಕಣ್ಣು. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, ಅದಕ್ಕಿಂತ ಹೆಚ್ಚಾದರೆ ತೀವ್ರ. ಎಣಿಕೆ ಕಡಿಮೆಯಿದ್ದಷ್ಟೂ ಆಸೆ ಹೆಚ್ಚು, ನಿಜ. ಆದರೆ ಅಷ್ಟನ್ನೇ ನೋಡಿ ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ. ಅದೇ ವರದಿಯಲ್ಲಿ ಅಂಗಾತ ಮಲಗಿದಾಗಿನ ಲೆಕ್ಕ, ಮಗ್ಗುಲಾದಾಗಿನ ಲೆಕ್ಕ ಬೇರೆಬೇರೆ ಇರುತ್ತವೆ. ಅಂಗಾತದಲ್ಲಿ ಮಾತ್ರ ತೊಂದರೆ ಏರುವವರು, ತೂಕ ಮತ್ತು ಕತ್ತಿನ ಸುತ್ತಳತೆ ಕಡಿಮೆ ಇರುವವರು, ಕೆಳದವಡೆ ಸ್ವಲ್ಪ ಹಿಂದಿರುವವರು, ಕಿರಿಯರು, ಮಹಿಳೆಯರು: ಇವರಲ್ಲಿ ಫಲ ಸಿಗುವ ಸಂಭವ ಹೆಚ್ಚು. ಇವು ಸೂಚನೆಗಳಷ್ಟೇ. ಎಕ್ಸ್‌ರೇ ಮೇಲೆ ಗೆರೆ ಎಳೆದು ಖಾತರಿ ಕೊಡುವವರನ್ನು ನಾನಂತೂ ನಂಬುವುದಿಲ್ಲ.

ಗಂಟಲು ಎಲ್ಲಿ ಮುಚ್ಚಿಕೊಳ್ಳುತ್ತದೆ ಎಂಬುದು ಇದಕ್ಕಿಂತ ಹೆಚ್ಚು ಹೇಳುತ್ತದೆ. ಔಷಧದಿಂದ ನಿದ್ದೆ ಬರಿಸಿ, ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ಇಎನ್‌ಟಿ ತಜ್ಞರು ಇದನ್ನು ನೋಡುತ್ತಾರೆ. ನಾಲಿಗೆಯ ಬುಡ ಹಿಂದಕ್ಕೆ ಬಿದ್ದು ಮುಚ್ಚುತ್ತಿದ್ದರೆ ಕ್ಲಿಪ್‌ಗೆ ಒಳ್ಳೆಯ ಅವಕಾಶ. ಅಂಗುಳದ ಹಿಂದೆ ಸುತ್ತಲಿನಿಂದಲೂ ಉಂಗುರದಂತೆ ಕುಗ್ಗುತ್ತಿದ್ದರೆ ಅವಕಾಶ ಕಡಿಮೆ. ಪರೀಕ್ಷೆಯ ನಡುವೆ ದವಡೆಯನ್ನು ಕೈಯಿಂದ ಮೆಲ್ಲಗೆ ಮುಂದೆ ತಂದು ದಾರಿ ತೆರೆಯುತ್ತದೆಯೇ ಎಂದೂ ನೋಡಬಹುದು.

ಈಗಾಗಲೇ ಸಿಪ್ಯಾಪ್ ಬಳಸಿ ಬೇಸತ್ತವರು ಯಂತ್ರದಲ್ಲಿ ದಾಖಲಾದ ಒತ್ತಡದ ಅಂಕಿ ತರಬೇಕು. ಗಂಟಲು ತೆರೆದಿಡಲು ಹೆಚ್ಚು ಒತ್ತಡ ಬೇಕಾದವರಲ್ಲಿ ಕ್ಲಿಪ್ ಸೋಲುವುದು ಹೆಚ್ಚು. ಜಪಾನಿನ ಅಧ್ಯಯನವೊಂದರಲ್ಲಿ ಈ ಒತ್ತಡದ ಗಡಿ (ನೀರಿನ ಕಂಬದ ಎತ್ತರದ ಲೆಕ್ಕದಲ್ಲಿ) 10.5 ಸೆಂಟಿಮೀಟರ್, ಆಸ್ಟ್ರೇಲಿಯಾದ ಒಂದರಲ್ಲಿ 13. ಮುಖದ ಮೂಳೆಯ ರಚನೆ ಬೇರೆಯಾದರೆ ಗಡಿಯೂ ಬೇರೆಯಾದೀತು. ಹಾಗಾಗಿ ಎರಡರಲ್ಲಿ ಯಾವುದನ್ನೂ ನಮ್ಮವರಿಗೆ ಕಣ್ಣುಮುಚ್ಚಿ ಅನ್ವಯಿಸುವಂತಿಲ್ಲ.

ಅಂದಾಜು ಎಷ್ಟೇ ಚೆನ್ನಾಗಿದ್ದರೂ ಸಾಧನವನ್ನು ವಾರಗಳ ಕಾಲ ಸ್ವಲ್ಪಸ್ವಲ್ಪವೇ ಮುಂದೂಡಿ ಹೊಂದಿಸಿದ ಮೇಲೆ, ಅದನ್ನು ಬಾಯಲ್ಲಿಟ್ಟುಕೊಂಡೇ ನಿದ್ರೆಯ ಪರೀಕ್ಷೆ ಮತ್ತೊಮ್ಮೆ ಆಗಬೇಕು. ಇದಕ್ಕೆ ಒಪ್ಪುವವರು ಕಡಿಮೆ. ‘ಗೊರಕೆ ನಿಂತಿದೆ, ಮನೆಯವರು ಆರಾಮಾಗಿ ಮಲಗುತ್ತಿದ್ದಾರೆ’ ಎನ್ನುತ್ತಾರೆ. ಗೊರಕೆ ನಿಂತರೂ ಉಸಿರು ಕಟ್ಟುವುದು ಮುಂದುವರಿದಿರಬಹುದು. ಹುಮನಾಬಾದ್ ಹೆದ್ದಾರಿಯಲ್ಲಿ ರಾತ್ರಿ ಲಾರಿ ಓಡಿಸುವವರಿಗೆ ಈ ಮರುಪರೀಕ್ಷೆಯಿಂದ ನಾನು ವಿನಾಯಿತಿ ಕೊಡುವುದಿಲ್ಲ. ಎಣಿಕೆ ಇಳಿಯದಿದ್ದರೂ ಕ್ಲಿಪ್ ಪೂರ್ತಿ ವ್ಯರ್ಥವೇನಲ್ಲ: ಅದರೊಂದಿಗೆ ಸಿಪ್ಯಾಪ್ ಬಳಸಿದರೆ ಯಂತ್ರದ ಒತ್ತಡ ತಗ್ಗಿಸಲು ಸಾಧ್ಯವಾಗುತ್ತದೆ. ಒತ್ತಡ ತಾಳಲಾರದೆ ಮಾಸ್ಕ್ ಕಿತ್ತೆಸೆದಿದ್ದ ಕೆಲವರು ಹೀಗೆ ಮತ್ತೆ ಯಂತ್ರಕ್ಕೆ ಒಗ್ಗಿಕೊಳ್ಳುತ್ತಾರೆ.